ದಾರಿ ತೋರುವ ಯಂತ್ರವೂ ಬೈಸಿಕಲ್ ಸವಾರನೂ

ಪರಸ್ಥಳಕ್ಕೆ ಹೊರಟವನು ದಾರಿಯನ್ನು ಬಲ್ಲವರಿಂದ ಕೇಳಿ ತಿಳಿದು ಮುಂದುವರಿಯುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಊರಬಾಗಿಲಿನ ಅರಳೀಕಟ್ಟೆಯ ಮೇಲೆ ಕುಳಿತ ಹಿರಿಯರೂ, ಮೂರು ದಾರಿ ಕೂಡುವಲ್ಲಿ ಕಾಫಿ ಮಾರುವವನೂ, ಹೊಲದಲ್ಲಿ ಉಳುತ್ತಿರುವ ರೈತನೂ ಪ್ರಯಾಣಿಕನಿಗೆ ಮಾರ್ಗದರ್ಶಕರಾಗಿದ್ದರು. ಈಗ ಆ ಕೆಲಸವನ್ನು ಅಂಗೈಯಗಲದ ಒಂದು ಯಂತ್ರವು ವಹಿಸಿಕೊಂಡಿದೆ. ಅದು ಬೇಸರಿಸುವುದಿಲ್ಲ; ಎಷ್ಟು ಸಲ ಕೇಳಿದರೂ ಉತ್ತರ ಕೊಡುತ್ತದೆ; ನಡುರಾತ್ರಿಯಲ್ಲಿಯೂ ಎಚ್ಚರವಾಗಿರುತ್ತದೆ. ಆದರೆ ಅದರಲ್ಲಿ ಒಂದು ದೋಷವಿದೆ. ಗೊತ್ತಿರುವ ಸಂಗತಿಯನ್ನೂ ಗೊತ್ತಿಲ್ಲದ ಸಂಗತಿಯನ್ನೂ ಅದು ಒಂದೇ ಧೈರ್ಯದಿಂದ ಹೇಳುತ್ತದೆ. ಈ ದೋಷದ ಫಲವನ್ನು ಹೆಚ್ಚಾಗಿ ಅನುಭವಿಸತಕ್ಕವನು ಬೈಸಿಕಲ್ ಸವಾರನಾದುದರಿಂದ, ಆ ವಿಷಯವಾಗಿ ನಾಲ್ಕು ಮಾತುಗಳನ್ನು ನಮ್ಮ ವಾಚಕ ಮಹಾಶಯರ ಮುಂದೆ ಇಡಬೇಕೆಂದು ನಮ್ಮ ಅಪೇಕ್ಷೆ.

ಒಂದು ಕಾಲದಲ್ಲಿ ಗುಮಾಸ್ತರೂ ಉಪಾಧ್ಯಾಯರೂ ಹಾಲು ಮಾರುವವರೂ ಉದರನಿಮಿತ್ತವಾಗಿ ತುಳಿಯುತ್ತಿದ್ದ ಬೈಸಿಕಲ್ಲನ್ನು ಇಂದಿನ ತರುಣರೂ ತರುಣಿಯರೂ ವ್ಯಾಯಾಮಕ್ಕಾಗಿಯೂ ದೇಶಸಂಚಾರಕ್ಕಾಗಿಯೂ ಹತ್ತುತ್ತಿದ್ದಾರೆ. ಇದು ಸಂತೋಷಪಡತಕ್ಕ ವಿಷಯವೇ ಸರಿ. ಭಾನುವಾರದ ಬೆಳಗಿನ ಜಾವದಲ್ಲಿ ಎದ್ದು, ತಲೆಗೆ ಹೆಲ್ಮೆಟ್ಟನ್ನು ಧರಿಸಿ, ಹ್ಯಾಂಡಲಿಗೆ ಮೊಬೈಲ್ ಫೋನನ್ನು ಬಿಗಿದು, ಐವತ್ತು ಮೈಲಿ ಎಂದರೆ ಏನೂ ಅಲ್ಲವೆಂಬಂತೆ ಹೊರಟುಬಿಡುತ್ತಾರೆ. ಮನೆಯಲ್ಲಿ ಉಳಿದವರಿಗೆ, ಮಗನು ಅಥವಾ ಮಗಳು ಯಾವ ದಾರಿಯಲ್ಲಿ ಹೋದರೆಂಬುದು ಗೊತ್ತಿರುವುದಿಲ್ಲ. ಕೇಳಿದರೆ, “ಫೋನು ತೋರಿಸುತ್ತದೆ, ಅಮ್ಮ” ಎಂಬ ಉತ್ತರವು ಬರುತ್ತದೆ. ಈ ಉತ್ತರದಲ್ಲಿ ಎಷ್ಟು ಭಾಗ ನಂಬತಕ್ಕದ್ದು, ಎಷ್ಟು ಭಾಗ ಸಂದೇಹಿಸತಕ್ಕದ್ದು ಎಂಬುದನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು.

ನಮ್ಮ ನೈಯಾಯಿಕರು ಜ್ಞಾನಕ್ಕೆ ಸಾಧನವಾದವುಗಳನ್ನು ಪ್ರಮಾಣಗಳೆಂದು ಕರೆದು, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕಾಗಿ ವಿಂಗಡಿಸಿದರು. ಇವುಗಳಲ್ಲಿ ಮೂರು ನಮ್ಮ ಪ್ರಕೃತ ವಿಷಯಕ್ಕೆ ಚೆನ್ನಾಗಿ ಹೊಂದುತ್ತವೆ. ಯಂತ್ರವು ಸವಾರನಿಗೆ ಮೂರು ಸಂಗತಿಗಳನ್ನು ಹೇಳುತ್ತದೆ: ನೀನು ಇಲ್ಲಿದ್ದೀಯೆ, ಇಲ್ಲಿ ಒಂದು ದಾರಿಯಿದೆ, ಆ ದಾರಿಯಲ್ಲಿ ನೀನು ಹೋಗಬಹುದು. ಕೇಳುವವನಿಗೆ ಇವು ಮೂರೂ ಒಂದೇ ಮಾತಿನಂತೆ ತೋರುತ್ತವೆ. ವಾಸ್ತವವಾಗಿ ಮೊದಲನೆಯದು ಅಳತೆಯಿಂದ ಬಂದದ್ದು, ಪ್ರತ್ಯಕ್ಷಕ್ಕೆ ಸಮೀಪವಾದದ್ದು. ಎರಡನೆಯದು ಪರರ ಮಾತಿನಿಂದ ಬಂದದ್ದು, ಎಂದರೆ ಶಬ್ದ. ಮೂರನೆಯದು ಊಹೆಯಿಂದ ಬಂದದ್ದು, ಎಂದರೆ ಅನುಮಾನ. ಮೂರಕ್ಕೂ ಒಂದೇ ಬೆಲೆಯನ್ನು ಕೊಡುವುದರಿಂದಲೇ ಸವಾರರು ದಾರಿ ತಪ್ಪುತ್ತಾರೆ.

ಮೊದಲು ಸ್ಥಾನದ ವಿಷಯವನ್ನು ನೋಡೋಣ. ಜಿ.ಪಿ.ಎಸ್. ಎಂದು ಕರೆಯುವ ಅಮೆರಿಕದ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರವಿದ್ದು, ಅದು ತನ್ನ ವೇಳೆಯನ್ನೂ ತಾನಿರುವ ಸ್ಥಳವನ್ನೂ ಅವಿಚ್ಛಿನ್ನವಾಗಿ ಸಾರುತ್ತಿರುತ್ತದೆ. ಆ ಸಂಕೇತವು ಫೋನನ್ನು ತಲಪಲು ಹಿಡಿದ ಕಾಲದಿಂದ ದೂರವು ಗೊತ್ತಾಗುತ್ತದೆ. ನಾಲ್ಕು ಉಪಗ್ರಹಗಳ ಸಂಕೇತಗಳು ಒಟ್ಟಿಗೆ ದೊರೆತರೆ ಸ್ಥಾನವು ನಿರ್ಧಾರವಾಗುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ಕಾಲದಲ್ಲಿ ಈ ಸಂಕೇತವು ಸುಮಾರು 30 ಸೆಂಟಿಮೀಟರ್ ಓಡುವುದರಿಂದ, ಗಡಿಯಾರಗಳು ಎಷ್ಟು ಸೂಕ್ಷ್ಮವಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಮೂಲತಃ ಇದು ಸೈನ್ಯಕ್ಕಾಗಿ ಮಾಡಿದ ಏರ್ಪಾಡು. 1983ರಲ್ಲಿ ಕೊರಿಯಾದ ಒಂದು ವಿಮಾನವು ದಾರಿ ತಪ್ಪಿ ಸೋವಿಯತ್ ಸೀಮೆಯನ್ನು ಪ್ರವೇಶಿಸಿದಾಗ ಅದನ್ನು ಹೊಡೆದುರುಳಿಸಲಾಗಿ 269 ಮಂದಿ ಮೃತರಾದರು. ಆಗ ಅಮೆರಿಕದ ಸರ್ಕಾರವು ಈ ಸೌಕರ್ಯವನ್ನು ಸಾರ್ವಜನಿಕರಿಗೂ ಕೊಡುವುದಾಗಿ ಸಾರಿತು. ಸಾರ್ವಜನಿಕರ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ಪದ್ಧತಿಯು 2000ದ ಮೇ ತಿಂಗಳಿನಲ್ಲಿ ನಿಂತಿತು. ಇಂದು ಬಯಲಿನಲ್ಲಿ ಸಾಧಾರಣ ಫೋನು ಸುಮಾರು ಐದು ಮೀಟರುಗಳೊಳಗೆ ಸ್ಥಾನವನ್ನು ತಿಳಿಸುತ್ತದೆ. ಎತ್ತರವಾದ ಕಟ್ಟಡಗಳ ನಡುವೆಯೂ ದಟ್ಟವಾದ ಮರಗಳ ಕೆಳಗೂ ಸಂಕೇತವು ತಟ್ಟಿ ತಿರುಗಿ ಬರುವುದರಿಂದ ವ್ಯತ್ಯಾಸವು ಹೆಚ್ಚಬಹುದು. ಅದನ್ನು ಬಿಟ್ಟರೆ, “ನೀನು ಇಲ್ಲಿದ್ದೀಯೆ” ಎಂಬ ಮಾತು ಬಹುಮಟ್ಟಿಗೆ ನಂಬತಕ್ಕದ್ದು.

ಇಷ್ಟು ನಿಜವಾದ ಮಾತನ್ನು ಹೇಳುವ ಬಾಯಿಯೇ ಮುಂದಿನ ಮಾತನ್ನೂ ಹೇಳುವುದರಿಂದ, ಅದೂ ಅಷ್ಟೇ ನಿಜವೆಂದು ನಮಗೆ ಭ್ರಾಂತಿಯುಂಟಾಗುತ್ತದೆ. “ಇಲ್ಲಿ ಒಂದು ದಾರಿಯಿದೆ” ಎಂಬುದನ್ನು ಉಪಗ್ರಹವು ಹೇಳುವುದಿಲ್ಲ. ನಕ್ಷೆಯನ್ನು ಬರೆದವನು ಹೇಳುತ್ತಾನೆ. ಹಿಂದೆ ನಕ್ಷೆಯನ್ನು ಕಾಲಿನಿಂದ ಬರೆಯುತ್ತಿದ್ದರು. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು 1800ರಲ್ಲಿ ಬೆಂಗಳೂರಿನ ಹತ್ತಿರ ನೂರು ಅಡಿಯ ಉಕ್ಕಿನ ಸರಪಳಿಯನ್ನು ನೆಲದ ಮೇಲೆ ಹಾಸಿ ಹಾಸಿ ಒಂದು ರೇಖೆಯನ್ನು ಅಳೆಸಿದನು. 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ತ್ರಿಕೋನಮಿತಿಯ ಮಹಾಮೋಜಣಿಗೆ ಅವನು ತನ್ನ ಆಯುಷ್ಯವನ್ನೇ ತೆತ್ತು 1823ರಲ್ಲಿ ಮಾರ್ಗಮಧ್ಯದಲ್ಲಿಯೇ ಕಾಲವಾದನು. ಆ ಕಾಲದ ನಕ್ಷೆಯಲ್ಲಿ ಒಂದು ಗೆರೆಯಿದ್ದರೆ ಯಾರೋ ಒಬ್ಬನು ಅಲ್ಲಿಗೆ ಹೋಗಿ ನಿಂತು ನೋಡಿದ್ದನೆಂದು ಅರ್ಥ.

ಇಂದಿನ ನಕ್ಷೆಗಳಲ್ಲಿ ಅನೇಕ ಗೆರೆಗಳು ಹಾಗೆ ಹುಟ್ಟಿದವುಗಳಲ್ಲ. ಆಕಾಶದಿಂದ ತೆಗೆದ ಚಿತ್ರವನ್ನು ಮುಂದಿಟ್ಟುಕೊಂಡು ಎಲ್ಲಿಯೋ ದೂರದಲ್ಲಿ ಕುಳಿತವರು ಎಳೆದವು ಕೆಲವು. ಗಣಕಯಂತ್ರವು ತಾನೇ ಗುರುತಿಸಿದವು ಕೆಲವು. ಹಿಂದೆ ಹೋದ ಸವಾರರ ಫೋನುಗಳು ಬಿಟ್ಟ ಜಾಡಿನಿಂದ ತಿಳಿದವು ಇನ್ನು ಕೆಲವು. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕ್ಷೆಯನ್ನು ಜಗತ್ತಿನ ನಾನಾ ಭಾಗಗಳ ಸ್ವಯಂಸೇವಕರು ಕೂಡಿ ಬರೆಯುತ್ತಿದ್ದಾರೆ. ಬೈಸಿಕಲ್ ಸವಾರರಿಗೆಂದು ಮಾಡಿದ ಅನೇಕ ಸಾಧನಗಳಿಗೆ ಅದೇ ಆಧಾರ. ಇದು ನಿಜವಾಗಿಯೂ ಶ್ಲಾಘನೀಯವಾದ ಉದ್ಯಮ. ಆದರೆ ಮೇಲಿನಿಂದ ನೋಡಿದ ಕಣ್ಣಿಗೆ ಕೆರೆಯ ಏರಿಯೂ, ಹೊಲದ ಬದುವೂ, ಬೇಸಗೆಯಲ್ಲಿ ಒಣಗಿದ ಹಳ್ಳದ ಮರಳೂ ದಾರಿಯಂತೆಯೇ ಕಾಣುತ್ತವೆ. ಕೊಡಗಿನ ಕಾಫಿ ತೋಟದೊಳಗಿನ ರಸ್ತೆ ಕಾಣುತ್ತದೆ, ಅದರ ತುದಿಯಲ್ಲಿರುವ ಬೀಗ ಹಾಕಿದ ಗೇಟು ಕಾಣುವುದಿಲ್ಲ. ಸೇತುವೆಯು ಕಾಣುತ್ತದೆ, ಚಿತ್ರವನ್ನು ತೆಗೆದ ಮೇಲೆ ಬಂದ ಪ್ರವಾಹವು ಕಾಣುವುದಿಲ್ಲ.

ಮೂರನೆಯದು ಅನುಮಾನ. ಎರಡು ಊರುಗಳ ನಡುವಣ ಅತ್ಯಲ್ಪ ದೂರದ ಮಾರ್ಗವನ್ನು ಕಂಡುಹಿಡಿಯುವ ಒಂದು ಗಣಿತಕ್ರಮವನ್ನು ಹಾಲೆಂಡಿನ ಎಡ್ಸ್‌ಖರ್ ಡೈಕ್‌ಸ್ಟ್ರಾ ಎಂಬ ವಿದ್ವಾಂಸನು 1959ರಲ್ಲಿ ಪ್ರಕಟಿಸಿದನು. ದಾರಿ ತೋರುವ ಇಂದಿನ ಯಂತ್ರಗಳಲ್ಲಿರುವ ವಿಧಾನಗಳು ಬಹುಮಟ್ಟಿಗೆ ಅದರ ಸಂತತಿಯೇ. ಪ್ರತಿಯೊಂದು ರಸ್ತೆಯ ತುಂಡಿಗೂ ಒಂದು ವೆಚ್ಚವನ್ನು ಕಟ್ಟಿ, ಒಟ್ಟು ವೆಚ್ಚವು ಎಲ್ಲಕ್ಕಿಂತ ಕಡಮೆಯಾಗುವ ದಾರಿಯನ್ನು ಆರಿಸುವುದೇ ಇದರ ರಹಸ್ಯ. ಲೆಕ್ಕವು ತಪ್ಪುವುದಿಲ್ಲ, ಲೆಕ್ಕಕ್ಕೆ ಕೊಟ್ಟ ಅಂಕಿಗಳು ತಪ್ಪಬಹುದು. ಈ ರಸ್ತೆಗೆ ಡಾಂಬರು ಇದೆಯೇ, ಜಲ್ಲಿಯೇ, ಮರಳೇ ಎಂಬುದನ್ನು ಯಾರೂ ಬರೆದಿಡದಿದ್ದರೆ ಯಂತ್ರವು ತಾನೇ ಒಂದನ್ನು ಊಹಿಸಿಕೊಳ್ಳುತ್ತದೆ. ಬೈಸಿಕಲ್ಲಿಗೆ ದೊಡ್ಡ ರಸ್ತೆಯು ಅಪಾಯವೆಂದು ಅದಕ್ಕೆ ಕಲಿಸಿರುವುದರಿಂದ, ಸವಾರನನ್ನು ಬಂಡಿಜಾಡಿಗೂ ಕಾಲುದಾರಿಗೂ ತಳ್ಳುತ್ತದೆ. ಎರಡು ಕಿಲೋಮೀಟರ್ ಉಳಿಸುವುದಕ್ಕಾಗಿ ಒಂದು ಗುಡ್ಡವನ್ನೇ ಹತ್ತಿಸುವುದೂ ಉಂಟು. ಮೋಟಾರಿನಲ್ಲಿ ಕುಳಿತವನಿಗೆ ಇಂತಹ ತಪ್ಪು ಸ್ವಲ್ಪ ಪೆಟ್ರೋಲಿನ ನಷ್ಟ. ಬೈಸಿಕಲ್ ಸವಾರನಾದರೋ ತನ್ನ ಉಸಿರಿನಿಂದಲೂ ಕಾಲಿನಿಂದಲೂ ಅದನ್ನು ತೀರಿಸಬೇಕು. ಹೋದಷ್ಟು ದೂರವನ್ನೂ ಹಿಂದಿರುಗಿ ತುಳಿಯಬೇಕು. ಅಷ್ಟರಲ್ಲಿ ನೀರು ಮುಗಿದಿರುತ್ತದೆ, ಹೊತ್ತು ಇಳಿದಿರುತ್ತದೆ.

ಇವು ಕೇವಲ ಊಹೆಯ ಭಯಗಳಲ್ಲ. ಬೈಸಿಕಲ್ಲಿಗೆ ನಿಷಿದ್ಧವಾದ ಇಂಗ್ಲೆಂಡಿನ ಮೋಟಾರು ಹೆದ್ದಾರಿಗಳಿಗೆ ಯಂತ್ರದ ಮಾತನ್ನು ನಂಬಿ ಬಂದ ಸವಾರರನ್ನು ಪೊಲೀಸರು ತಡೆದು ಹೊರಗೆ ಕಳುಹಿಸಿದ ಸಂಗತಿಯು ಹಲವು ಬಾರಿ ವರದಿಯಾಗಿದೆ. ಬ್ರಿಟನ್ನಿನ ಅತ್ಯುನ್ನತ ಶಿಖರವಾದ ಬೆನ್ ನೆವಿಸ್‌ಗೆ ಹೊರಟವರಿಗೆ ಪ್ರಸಿದ್ಧವಾದ ಒಂದು ನಕ್ಷೆಯು ಕಡಿದಾದ ಬಂಡೆಗಳ ಕಡೆಯ ಮಾರ್ಗವನ್ನು ಸೂಚಿಸುತ್ತಿದೆಯೆಂದು ಅಲ್ಲಿನ ಪರ್ವತಾರೋಹಣ ಸಂಸ್ಥೆಯವರು 2021ರಲ್ಲಿ ಎಚ್ಚರಿಕೆಯನ್ನು ಹೊರಡಿಸಿದರು. ನಮ್ಮ ದೇಶದಲ್ಲಿ 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ಕಾರೊಂದು, ಹಿಂದಿನ ಪ್ರವಾಹದಲ್ಲಿ ಒಂದು ಭಾಗವು ಕೊಚ್ಚಿಹೋಗಿದ್ದ ಸೇತುವೆಯ ಮೇಲಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಪ್ರಾಣವನ್ನು ಕಳೆದುಕೊಂಡರು; ಅವರು ಫೋನಿನ ನಕ್ಷೆಯನ್ನು ಅನುಸರಿಸಿ ಬಂದಿದ್ದರೆಂದು ವರದಿಗಳು ತಿಳಿಸಿದವು. ಮರುತಿಂಗಳಿನಲ್ಲಿಯೇ ಗೋವೆಗೆ ಹೊರಟಿದ್ದ ಒಂದು ಕುಟುಂಬವು ಬೆಳಗಾವಿ ಜಿಲ್ಲೆಯ ಖಾನಾಪುರದ ಅರಣ್ಯದೊಳಗೆ ಸಿಕ್ಕಿ ರಾತ್ರಿಯನ್ನು ಕಳೆಯಬೇಕಾಯಿತು. 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಕಾಪಾಡಿದರು. ಇವರೆಲ್ಲರೂ ಮೋಟಾರಿನಲ್ಲಿದ್ದವರು. ದೀಪವೂ ಬಾಗಿಲೂ ಉಳ್ಳ ವಾಹನದವರ ಪಾಡೇ ಹೀಗಾದರೆ, ಎರಡು ಗಾಲಿಗಳ ಮೇಲೆ ಒಬ್ಬಂಟಿಯಾಗಿ ಹೊರಟವನ ಪಾಡೇನು?

ಕಾನೂನಿನ ತೊಡಕೂ ಒಂದುಂಟು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಮೋಟಾರ್ ಸೈಕಲ್, ಆಟೋ, ಟ್ರ್ಯಾಕ್ಟರುಗಳನ್ನೂ, ಬೈಸಿಕಲ್ ಮೊದಲಾದ ಎಂಜಿನಿಲ್ಲದ ವಾಹನಗಳನ್ನೂ ನಿಷೇಧಿಸಿದ್ದಾರೆ. ಅವು ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗತಕ್ಕದ್ದು. ಫೋನಿನಲ್ಲಿ ಕಾರಿನ ಗುರುತನ್ನು ಒತ್ತಿ ಹೊರಟ ಸವಾರನನ್ನು ಯಂತ್ರವು ನೇರವಾಗಿ ಆ ಮುಖ್ಯ ಪಥಕ್ಕೇ ಕರೆದೊಯ್ಯುತ್ತದೆ. 2017ರ ಡಿಸೆಂಬರಿನಲ್ಲಿ ನಮ್ಮ ದೇಶದ ನಕ್ಷೆಗೆ ಸೇರಿದ ದ್ವಿಚಕ್ರ ವಾಹನದ ಗುರುತೂ ಮೋಟಾರ್ ಸೈಕಲಿನವರಿಗಾಗಿ ಮಾಡಿದ್ದೇ ಹೊರತು ಬೈಸಿಕಲ್ಲಿನವರಿಗಲ್ಲ. ಬಂಡೀಪುರದ ಅರಣ್ಯದ ಹೆದ್ದಾರಿಯು 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ ಮುಚ್ಚಿರುತ್ತದೆ. ಗೆರೆಯಿದ್ದ ಮಾತ್ರಕ್ಕೆ ಅನುಮತಿಯಿದೆಯೆಂದು ತಿಳಿಯಬಾರದು.

ನಮ್ಮ ನೆರೆಮನೆಯ ಹುಡುಗನೊಬ್ಬನು, ಇಂಜಿನಿಯರಿಂಗ್ ಓದುತ್ತಿರುವವನು, ಕಳೆದ ಮಾರ್ಗಶಿರದಲ್ಲಿ ಇಬ್ಬರು ಗೆಳೆಯರೊಡನೆ ಮೇಲುಕೋಟೆಗೆ ಹೋಗಿ ಸ್ವಾಮಿಯ ದರ್ಶನವನ್ನು ಮುಗಿಸಿಕೊಂಡು ಬೈಸಿಕಲ್ಲಿನಲ್ಲಿ ಮೈಸೂರಿಗೆ ಹಿಂದಿರುಗುತ್ತಿದ್ದನು. ನಾಲ್ಕು ಕಿಲೋಮೀಟರ್ ಉಳಿಯುವುದೆಂದು ಯಂತ್ರವು ಒಂದು ನಾಲೆಯ ಏರಿಯ ದಾರಿಯನ್ನು ತೋರಿಸಿತು. ಮೊದಲು ಚೆನ್ನಾಗಿಯೇ ಇದ್ದ ದಾರಿಯು ಬರಬರುತ್ತ ಕಿರಿದಾಯಿತು. ಒಂದು ಕಡೆ ತುಂಬಿದ ನಾಲೆ, ಮತ್ತೊಂದು ಕಡೆ ಕಬ್ಬಿನ ಗದ್ದೆ. ಸೂರ್ಯನು ಮುಳುಗುವ ಹೊತ್ತು. ದನಗಳನ್ನು ಹೊಡೆದುಕೊಂಡು ಎದುರಿಗೆ ಬಂದ ಮುದುಕನೊಬ್ಬನು ಇವರನ್ನು ತಡೆದು, “ಮಕ್ಕಳಾ, ಮುಂದಕ್ಕೆ ದಾರಿಯಿಲ್ಲ ಕಣ್ರಪ್ಪಾ. ಹೋದ ಮಳೆಗಾಲದಲ್ಲೇ ಸೇತುವೆ ಕೊಚ್ಚಿಕೊಂಡು ಹೋಯ್ತು” ಎಂದನು. “ಫೋನಿನಲ್ಲಿ ಇದೆಯಲ್ಲಾ ತಾತಾ” ಎಂದು ಹುಡುಗನು ತೋರಿಸಲು, “ಫೋನಿನಲ್ಲಿ ಇದ್ದೀತು ಮಗಾ, ನಾಲೆ ಮ್ಯಾಲೆ ಇಲ್ಲ” ಎಂದು ಹೇಳಿ, ಹಿಂದಕ್ಕೆ ತಿರುಗಿಸಿ ದೊಡ್ಡ ರಸ್ತೆಯ ಗುರುತನ್ನು ಹೇಳಿ ಕಳುಹಿಸಿದನು. ಅಷ್ಟರಲ್ಲಿ ಮೂವರ ಫೋನುಗಳಲ್ಲಿಯೂ ಬ್ಯಾಟರಿ ಮುಗಿಯುತ್ತ ಬಂದಿತ್ತು. ಹುಡುಗರು ಮನೆಯನ್ನು ಸೇರಿದಾಗ ರಾತ್ರಿ ಒಂಬತ್ತೂವರೆ. ತಾಯಿಯು ಆರು ಗಂಟೆಯಿಂದ ಗೇಟಿನ ಬಳಿ ನಿಂತಿದ್ದಳು. ಅರ್ಧ ಗಂಟೆ ತಡವಾಗಿದ್ದರೆ ಆ ಮುದುಕನು ದನಗಳೊಡನೆ ಮನೆಗೆ ಹೋಗಿಬಿಟ್ಟಿರುತ್ತಿದ್ದನು. ಹುಡುಗರು ಕತ್ತಲಲ್ಲಿ ಸೇತುವೆಯಿಲ್ಲದ ಜಾಗಕ್ಕೆ ಬರುತ್ತಿದ್ದರು.

ಹಾಗಾದರೆ ಯಂತ್ರವನ್ನು ಬಿಸುಟು ಜನರನ್ನೇ ಕೇಳಿಕೊಂಡು ಹೋಗಬೇಕೇ? ಅದೂ ಸಾಲದು. ಚೀನಾದೇಶದ ಕೂಲಿಗಾರನೊಬ್ಬನು ಹೊಸವರ್ಷದ ಹಬ್ಬಕ್ಕೆ ಸುಮಾರು 1,700 ಕಿಲೋಮೀಟರ್ ದೂರದ ತನ್ನ ಊರಾದ ಛಿಛಿಹಾರಿಗೆ ಬೈಸಿಕಲ್ಲಿನಲ್ಲಿ ಹೊರಟನು. ಅವನಿಗೆ ನಕ್ಷೆಯನ್ನು ಓದಲು ಬಾರದು. ಕಂಡವರನ್ನು ಕೇಳುತ್ತ ಹೋದನು. ಒಂದು ತಿಂಗಳು ತುಳಿದ ಮೇಲೆ, 2017ರ ಜನವರಿಯಲ್ಲಿ, ವುಹು ಎಂಬ ನಗರದ ಬಳಿ ಹೆದ್ದಾರಿಯ ಪೊಲೀಸರು ತಡೆದು ವಿಚಾರಿಸಿದಾಗಲೇ ತಾನು ಉತ್ತರಕ್ಕೆ ಹೋಗುವ ಬದಲು ದಕ್ಷಿಣಕ್ಕೆ 500 ಕಿಲೋಮೀಟರ್ ಬಂದಿರುವೆನೆಂಬುದು ಅವನಿಗೆ ತಿಳಿದದ್ದು. ಪೊಲೀಸರೂ ಸುಂಕದಕಟ್ಟೆಯವರೂ ಹಣ ಕೂಡಿಸಿ ರೈಲಿನ ಟಿಕೀಟನ್ನು ಕೊಡಿಸಿದರು. ಕೇಳುವವನಿಗೆ ತಾನು ಹೋಗಬೇಕಾದ ದಿಕ್ಕಿನ ಅರಿವಿಲ್ಲದಿದ್ದರೆ ಹೇಳುವವರ ಮಾತೂ ಕೆಲಸಕ್ಕೆ ಬರುವುದಿಲ್ಲ.

ಶಾಸ್ತ್ರಕಾರರು ಎಲ್ಲರ ಮಾತನ್ನೂ ಪ್ರಮಾಣವೆನ್ನಲಿಲ್ಲ. ಆಪ್ತನ ಮಾತನ್ನು ಮಾತ್ರ ಪ್ರಮಾಣವೆಂದರು. ವಿಷಯವನ್ನು ಇದ್ದಂತೆ ಕಂಡವನೂ, ಕಂಡದ್ದನ್ನು ಕಂಡಂತೆ ಹೇಳಲು ಇಷ್ಟವುಳ್ಳವನೂ ಆಪ್ತನು. ವಂಶದಿಂದಾಗಲಿ ವಿದ್ಯೆಯಿಂದಾಗಲಿ ಆಪ್ತತ್ವವು ಬರುವುದಿಲ್ಲ. ನಾಲೆಯ ಏರಿಯ ವಿಷಯದಲ್ಲಿ ಆ ದನಗಾಹಿಯೇ ಆಪ್ತನು. ಸ್ಥಾನದ ವಿಷಯದಲ್ಲಿ ಉಪಗ್ರಹವು ಆಪ್ತವಾಗಿರಬಹುದು. ಸೇತುವೆಯ ವಿಷಯದಲ್ಲಿ ಅಲ್ಲ, ಏಕೆಂದರೆ ಅದು ಸೇತುವೆಯನ್ನು ನೋಡಿಲ್ಲ.

ಇಲ್ಲಿ ಬೈಸಿಕಲ್ ಸವಾರರ ಪೂರ್ವೇತಿಹಾಸವನ್ನು ಸ್ವಲ್ಪ ಸ್ಮರಿಸುವುದು ಉಚಿತ. 1878ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗಳ ಸಂಘವು, ಅಪಾಯಕರವಾದ ಇಳಿಜಾರುಗಳ ತಲೆಯಲ್ಲಿ ಎಚ್ಚರಿಕೆಯ ಹಲಗೆಗಳನ್ನು ತಾನೇ ನೆಡಿಸಿತು. ಮುಂದೆ ಅದರ ಸದಸ್ಯರು ತಾವು ತುಳಿದ ರಸ್ತೆಗಳ ಸ್ಥಿತಿಯನ್ನು ಬಾರ್ಥಲೋಮ್ಯೂ ಎಂಬ ನಕ್ಷೆಯ ಮುದ್ರಣಾಲಯದವರಿಗೆ ಬರೆದು ಕಳುಹಿಸಿ ತಪ್ಪುಗಳನ್ನು ತಿದ್ದಿಸುತ್ತಿದ್ದರು. ಇಟಲಿಯಲ್ಲಿ 1894ರಲ್ಲಿ ಮಿಲಾನಿನ ಸೈಕಲ್ ಸವಾರರು ಸ್ಥಾಪಿಸಿದ ಪ್ರವಾಸಿ ಸಂಘವು ಮುಂದೆ ಇಡೀ ದೇಶದ ನಕ್ಷೆಯನ್ನೇ ಪ್ರಕಟಿಸಿತು. ಆ ಕಾಲದ ಸವಾರರು ನಕ್ಷೆಯನ್ನು ಉಪಯೋಗಿಸಿದ್ದು ಮಾತ್ರವಲ್ಲ, ಅದನ್ನು ತಿದ್ದಿದರು ಕೂಡ. ಇಂದು ಆ ಕೆಲಸವು ಬಹು ಸುಲಭ. ಮೇಲೆ ಹೇಳಿದ ಹುಡುಗನು ಮರುದಿನವೇ ಸೇತುವೆಯಿಲ್ಲದ ಸಂಗತಿಯನ್ನು ಫೋನಿನ ಮೂಲಕ ನಕ್ಷೆಯವರಿಗೆ ತಿಳಿಸಿದನು. ಕೆಲವು ದಿನಗಳ ಮೇಲೆ ಆ ಗೆರೆಯು ಅಲ್ಲಿಗೇ ತುಂಡಾಗಿ ನಿಂತಿತು. ಮುಂದೆ ಬರುವ ಯಾರಿಗೋ, ಕಾಣದ ಅಪರಿಚಿತನಿಗೆ, ಅವನು ಆಪ್ತನಾದನು. ಮನೆಯ ಮಕ್ಕಳಿಗೆ ಈ ಧರ್ಮವನ್ನು ಕಲಿಸಬೇಕು: ದಾರಿ ತಪ್ಪಿದವನು ಸುಮ್ಮನೆ ಬೈದುಕೊಂಡು ಮನೆಗೆ ಬರಬಾರದು, ತಪ್ಪನ್ನು ತಿದ್ದಿಸಿ ಬರಬೇಕು.

ಇನ್ನು ಹೊರಡುವವರಿಗೆ ಕೆಲವು ಸೂಚನೆಗಳು. ಹಿಂದಿನ ರಾತ್ರಿಯೇ ಇಡೀ ದಾರಿಯನ್ನು ದೊಡ್ಡದು ಮಾಡಿ ನೋಡಿಕೊಂಡು, ನಡುವಣ ಊರುಗಳ ಹೆಸರುಗಳನ್ನೂ ತಿರುವುಗಳನ್ನೂ ದೂರಗಳನ್ನೂ ಒಂದು ಚೀಟಿಯಲ್ಲಿ ಅನುಕ್ರಮವಾಗಿ ಬರೆದುಕೊಳ್ಳಬೇಕು. 1891ರಲ್ಲಿ ಆರಂಭವಾಗಿ ಇಂದಿಗೂ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ, 1,200 ಕಿಲೋಮೀಟರುಗಳನ್ನು 90 ಗಂಟೆಗಳಲ್ಲಿ ಮುಗಿಸಬೇಕಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯಂತಹ ದೀರ್ಘಯಾನಗಳಲ್ಲಿ ಪಳಗಿದವರೂ ಇಂತಹ ಚೀಟಿಯನ್ನು ತಿರಸ್ಕರಿಸುವುದಿಲ್ಲ; ಚೀಟಿಗೆ ಬ್ಯಾಟರಿ ಬೇಡ. ಸಂಕೇತ ಸಿಗದ ಕಾಡುಮೇಡುಗಳಿಗಾಗಿ ನಕ್ಷೆಯನ್ನು ಮೊದಲೇ ಫೋನಿನಲ್ಲಿ ಇಳಿಸಿಕೊಂಡಿರಬೇಕು. ಬೈಸಿಕಲ್ಲಿನ ಗುರುತಿದ್ದರೆ ಅದನ್ನೇ ಆರಿಸಬೇಕು. ಏರುಪೇರುಗಳನ್ನು ತೋರಿಸುವ ಸೌಕರ್ಯವಿದ್ದರೆ ಅದನ್ನು ತಪ್ಪದೆ ನೋಡಬೇಕು.

ದಾರಿಯಲ್ಲಿ ಕೇಳುವುದಕ್ಕೂ ಒಂದು ಕ್ರಮವಿದೆ. “ಇದು ಪಾಂಡವಪುರಕ್ಕೆ ಹೋಗುತ್ತದೆಯೇ?” ಎಂದರೆ ನಮ್ಮ ಹಳ್ಳಿಗರು ದಾಕ್ಷಿಣ್ಯದಿಂದ ಹೌದೆಂದು ತಲೆಯಾಡಿಸಿಬಿಡುವುದುಂಟು. “ಈ ದಾರಿ ಎಲ್ಲಿಗೆ ಹೋಗುತ್ತದೆ, ಅಣ್ಣಾ? ಸೈಕಲ್ಲು ಹೋಗುವ ಹಾಗಿದೆಯೇ? ನೀವು ಈಚೆಗೆ ಹೋಗಿದ್ದಿರಾ?” ಎಂದು ಕೇಳಿದರೆ ನಿಜವು ಹೊರಬೀಳುತ್ತದೆ. ಡಾಂಬರು ಮುಗಿದು ಒಂದು ಕಿಲೋಮೀಟರ್ ಆದರೂ ಮನುಷ್ಯರ ಸುಳಿವಿಲ್ಲದಿದ್ದರೆ, ಅಥವಾ ಹೊತ್ತು ಮುಳುಗಲು ಒಂದು ಗಂಟೆ ಮಾತ್ರ ಉಳಿದಿದ್ದರೆ, ಯಂತ್ರವು ಏನೇ ಹೇಳಲಿ, ಬಂದ ದಾರಿಯಲ್ಲಿಯೇ ಹಿಂದಿರುಗತಕ್ಕದ್ದು. ಹಿಂದಿರುಗುವುದರಲ್ಲಿ ಅವಮಾನವೇನೂ ಇಲ್ಲ.

ಗೃಹಸ್ಥರು ಮಾಡಬೇಕಾದದ್ದು ಒಂದೇ. ಮಕ್ಕಳನ್ನು ತಡೆಯಬೇಡಿರಿ, ಯಂತ್ರವನ್ನು ಕಸಿದುಕೊಳ್ಳಬೇಡಿರಿ. ಹೊರಡುವ ಮುನ್ನ, “ಯಾವ ಯಾವ ಊರಿನ ಮೇಲೆ ಹೋಗುತ್ತೀಯೆ, ಮಗು?” ಎಂದು ಕೇಳಿರಿ. ನಾಲ್ಕು ಊರುಗಳ ಹೆಸರನ್ನು ಫೋನನ್ನು ನೋಡದೆ ಹೇಳಿದರೆ, ಬರೆದಿಟ್ಟುಕೊಂಡು ನಿಶ್ಚಿಂತೆಯಿಂದ ಕಳುಹಿಸಿರಿ. ಹೇಳಲಾರದಿದ್ದರೆ, ಇನ್ನೊಂದು ಲೋಟ ಕಾಫಿಯನ್ನು ಕೊಟ್ಟು, ಜಗಲಿಯ ಮೇಲೆ ಕುಳ್ಳಿರಿಸಿ, ನಕ್ಷೆಯನ್ನು ಮುಂದಿಟ್ಟು ಇಬ್ಬರೂ ಕೂಡಿ ದಾರಿಯನ್ನು ಓದಿರಿ. ಕಾಲುಗಂಟೆ ತಡವಾಗಿ ಹೊರಟರೂ ಚಿಂತೆಯಿಲ್ಲ. ಸಂಜೆಗೆ ದೀಪ ಹಚ್ಚುವ ಹೊತ್ತಿಗೆ ಮಗು ಮನೆಗೆ ಬಂದಿರಬೇಕು.